ಕಿವಿಗೆ ಬಂದ ಕೊಸರು

ಮೀನು ಮಾರುವವಳು ಲೆಕ್ಕದ ಮೇಲೆ ಒಂದು ಬಂಗುಡೆ ಹೆಚ್ಚಿಗೆ ಹಾಕಿ, ಕೊಸರು ಅಕ್ಕ, ಇರಲಿ ಎಂದು ನಕ್ಕಳೆಂದರೆ ನೀವು ಖುಷಿಪಡುತ್ತೀರಿ; ನಾನು ಆ ಮೀನಿನ ಕಿವಿರು ಎತ್ತಿ ನೋಡುತ್ತೇನೆ. ಬೆಂಗ್ರೆಯಿಂದ ಬುಟ್ಟಿ ಹೊತ್ತು, ಫೆರ್ರಿಯಲ್ಲಿ ಹೊಳೆ ದಾಟಿ, ಮನೆಮನೆಗೆ ಮೀನು ಕೊಟ್ಟು ಕೂದಲು ಬೆಳ್ಳಗಾದವಳು ನಾನು. ತಾಜಾ ಮೀನಿದ್ದ ದಿನ ನನ್ನ ಕೈ ಬಿಗಿಯಾಗಿರುತ್ತಿತ್ತು. ನಿನ್ನೆಯ ಐಸಿನ ಮೀನಿದ್ದ ದಿನ ನನ್ನಷ್ಟು ಧಾರಾಳಿ ಇಡೀ ಮಂಗಳೂರಿನಲ್ಲಿ ಇರಲಿಲ್ಲ.

ಅಂಥವಳ ಮುಂದೆ ಯಾರಾದರೂ ‘ಉಚಿತ’ ಎಂದರೆ ಹೇಗಾಗಬೇಡ, ನೀವೇ ಹೇಳಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಷ್ಟರೊಳಗೆ ನಮ್ಮ ಮೇಷ್ಟ್ರು ‘ಉಚಿತ’ವೆಂದರೆ ಸರಿಯಾದದ್ದು, ತಕ್ಕದ್ದು ಎಂದು ಹೇಳಿಕೊಟ್ಟಿದ್ದರು. ದುಡ್ಡಿಲ್ಲದೆ ಸಿಗುವುದಕ್ಕೂ ಅದೇ ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನು ಮೀನು ಮಾರಿದವನಂತೂ ಅಲ್ಲ.

ನನ್ನ ಮಗಳ ಮಗಳು ಪ್ರಾಪ್ತಿಗೆ ಈಗ ನಾಲ್ಕು ವರ್ಷ. ಹುಟ್ಟಿನಿಂದ ಕಿವಿ ಕೇಳದ ಮಗು. ತಾಯಿ ಬೈಕಂಪಾಡಿಯ ಗೇರುಬೀಜದ ಕಾರ್ಖಾನೆಗೆ ಹೋಗುವುದರಿಂದ, ದೇರೆಬೈಲಿನಲ್ಲಿ ಒಂದು ಸಣ್ಣ ಸಂಘ ನಡೆಸುವ ಮಾತು ಕಲಿಸುವ ಶಾಲೆಗೆ ಅವಳನ್ನು ಕರೆದೊಯ್ಯುವ ಕೆಲಸ ನನ್ನದು. ಎರಡು ಕೋಣೆ, ಹತ್ತು ಮಕ್ಕಳು, ಒಬ್ಬರೇ ಲವೀನಾ ಟೀಚರ್. ಹೋದ ವರ್ಷ ಒಂದು ಕಂಪೆನಿಯ ಟ್ರಸ್ಟು ಆ ಸಂಘಕ್ಕೆ ಅನುದಾನ ಕೊಟ್ಟಿತು. ಪ್ರಾಪ್ತಿಯ ಕಿವಿಗೆ ಮೆಷಿನ್ ಬಂತು. ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ನನ್ನ ಮುಖ ನೋಡಿ ‘ಅಜ್ಜಿ’ ಎಂದಳು. ಆ ಎರಡು ಅಕ್ಷರವನ್ನು ನಾನು ಫೆರ್ರಿಯವನಿಗೆ, ಬಸ್ಸಿನ ಕಂಡಕ್ಟರನಿಗೆ, ನನ್ನೊಂದಿಗೆ ಮಾತು ಬಿಟ್ಟಿದ್ದ ನೆರೆಮನೆಯವಳಿಗೆ ಕೂಡ ಹೇಳಿ ಬಂದೆ. ಮಗುವಿನ ಬಾಯಿಂದ ಮತ್ತೆ ಮತ್ತೆ ಹೇಳಿಸಿದೆ; ಕೊನೆಗೆ ಅವಳೇ ಬೇಸತ್ತು ಬಾಯಿ ಮುಚ್ಚಿಕೊಂಡಳು.

ಆದರೆ ಸಂತೋಷ ಉಕ್ಕಿದಷ್ಟೂ ಅನುಮಾನವೂ ಉಕ್ಕಿತು. ನಮ್ಮ ಹೆಸರು ಗೊತ್ತಿಲ್ಲದವರು, ನಮ್ಮ ಮರಳು ತುಳಿಯದವರು ಇಷ್ಟು ಬೆಲೆಯ ವಸ್ತುವನ್ನು ಯಾಕೆ ಕೊಟ್ಟರು? ಇದರ ಕಿವಿರು ಎಲ್ಲುಂಟು, ಎತ್ತಿ ನೋಡುವುದು ಹೇಗೆ?

ಹೀಗಿರುವಾಗ ಟೀಚರ್ ಒಂದು ದಿನ, “ಅಜ್ಜಿ, ನಾಳೆ ಟ್ರಸ್ಟಿನವರು ಮೆಷಿನ್ ನೋಡಲಿಕ್ಕೆ ಬರ್ತಾರೆ, ತಪ್ಪಿಸ್ಬೇಡಿ” ಎಂದರು. ನಮ್ಮ ಧಕ್ಕೆಯಲ್ಲಿ, ಅಂದರೆ ದೋಣಿಗಳು ಮೀನು ಇಳಿಸುವಲ್ಲಿ, ನೋಡಲು ಬಂದವರು ಬುಟ್ಟಿ ಎತ್ತಿಕೊಂಡೇ ಹೋಗುವುದು. ಸುಮ್ಮನೆ ನೋಡಿ ಹೋಗುವವರಿಗೆ ಅಲ್ಲಿ ಕೆಲಸವಿಲ್ಲ. ಮೆಷಿನ್ ಕೈತಪ್ಪಿತು ಎಂದೇ ತಿಳಿದೆ. ಮರುದಿನ ಬೆಂಗ್ರೆಯ ನೆಬಿಸಾ ತನ್ನ ಮೊಮ್ಮಗಳನ್ನು ಕರೆದುಕೊಂಡು ನಮ್ಮ ಜೊತೆಯಲ್ಲೇ ಬಂದಳು. ಆ ಮಗುವಿಗೆ ಅಂದು ಹೊಸ ಮೆಷಿನ್ ಸಿಗುವುದಿತ್ತು. ಬಸ್ಸಿಳಿದು, ಅವಳನ್ನು ಮುಂದೆ ಹೋಗಲು ಬಿಟ್ಟು, ನಾನು ಪ್ರಾಪ್ತಿಯ ಕಿವಿಯಿಂದ ಮೆಷಿನ್ ಬಿಡಿಸಿ ಸೊಂಟದ ಎಲೆಯಡಿಕೆ ಸಂಚಿಯಲ್ಲಿ ಅಡಗಿಸಿದೆ.

ಟ್ರಸ್ಟಿನಿಂದ ಬಂದವಳು ಒಬ್ಬ ಹುಡುಗಿ. ನೆಲದಲ್ಲೇ ಕುಳಿತು ಪ್ರಾಪ್ತಿಯ ಹೆಸರು ಕೇಳಿದಳು. ಮಗು ಅವಳ ತುಟಿಯನ್ನೇ ನೋಡುತ್ತ ನಿಂತಿತು. ಟೀಚರ್ ಅವಳ ಬರಿಗಿವಿ ನೋಡಿ ನನ್ನ ಕಡೆ ತಿರುಗಿದರು.

“ಮೆಷಿನ್ ಎಲ್ಲುಂಟು ಅಜ್ಜಿ?”

“ಬರುವಾಗ ಹೊಳೆಗೆ ಬಿತ್ತು,” ಎಂದೆ.

ಬೈಗುಳಕ್ಕೆ ಸಿದ್ಧಳಾಗಿದ್ದೆ. ಆ ಹುಡುಗಿ ಬೈಯಲಿಲ್ಲ, ಪುಸ್ತಕ ತಿರುವಿ, “ಇವಳು ಮಾತು ಕಲಿತಾ ಇದ್ದಾಳೆ, ಈಗ ನಿಲ್ಲಿಸಿದ್ರೆ ಮರೆತುಬಿಡ್ತಾಳೆ. ಇವತ್ತು ತಂದದ್ದನ್ನು ಇವಳಿಗೇ ಕೊಡುವ. ಆ ಮಗುವಿಗೆ ಮುಂದಿನ ವರ್ಷ ನೋಡುವ” ಎಂದಳು.

ಬೆಂಚಿನ ಮೇಲಿದ್ದ ನೆಬಿಸಾ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ನನ್ನನ್ನು ನೋಡಿ ಮೆಲ್ಲಗೆ ಕೇಳಿದಳು: “ಹೊಳೆಗೆ ಯಾವಾಗ ಬಿತ್ತು ಮಾರಾಯ್ತಿ? ನಾನೂ ಅದೇ ಫೆರ್ರಿಯಲ್ಲಿ ಇದ್ದೆನಲ್ಲ.”

ಇಲ್ಲದ ಕೊಳೆತ ಮೀನನ್ನು ಹುಡುಕಲು ಹೋಗಿ ಇನ್ನೊಂದು ಮಗುವಿನ ತಟ್ಟೆಗೇ ಕೈಹಾಕಿದ್ದೆ. ಹೇಗೆ ಬಾಯಿಬಿಡುವುದು ಎಂದು ನಾನು ತೊಳಲುತ್ತಿರುವಾಗ ಪ್ರಾಪ್ತಿ ನನ್ನ ಸಂಚಿ ಹಿಡಿದು ಜಗ್ಗಿದಳು.

“ಕೊಡು,” ಎಂದಳು.

ತನ್ನ ದನಿ ತನಗೇ ಕೇಳದ್ದರಿಂದ ಅದು ರಸ್ತೆಗೆ ಮುಟ್ಟುವಷ್ಟು ದೊಡ್ಡದಾಗಿತ್ತು. ಟೀಚರ್ ಆಟಿಕೆ ತೋರಿಸಿ ತಿಂಗಳಿಂದ ಕಲಿಸುತ್ತಿದ್ದ ಮಾತಂತೆ. ಅವಳ ಬಾಯಿಂದ ಬಂದದ್ದು ಆಗಲೇ ಮೊದಲು. ಸಿಕ್ಕಿಬಿದ್ದ ನಾಚಿಕೆಯಲ್ಲಿ ತಲೆ ತಗ್ಗಿಸಬೇಕಾದವಳು ನಾನು ಅಳುತ್ತ ನಗುತ್ತ ಸಂಚಿ ಬಿಚ್ಚಿದೆ. ಹೊಸ ಮೆಷಿನ್ ನೆಬಿಸಾಳ ಮೊಮ್ಮಗಳ ಕಿವಿಗೇ ಹೋಯಿತು.

ಆ ಹುಡುಗಿ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಳು. ಎಂತ ಬರೆದದ್ದು ಎಂದು ಕೇಳಿದೆ. ಮಗು ಇಂದು ಹೊಸ ಮಾತು ಆಡಿದೆ ಎಂದು ಓದಿ ಹೇಳಿದಳು. ಅವಳು ಆಚೆ ತಿರುಗಿದಾಗ ಅದನ್ನೇ ಟೀಚರಿಂದ ಇನ್ನೊಮ್ಮೆ ಓದಿಸಿದೆ. ಎರಡೂ ಒಂದೇ ಬಂತು.

ಅನುಮಾನ ಹೋಯಿತೆಂದು ನಿಮಗೆ ಸುಳ್ಳು ಹೇಳಲಾರೆ. ಯಾಕೆ ಕೊಟ್ಟರೆಂದು ನನಗೆ ಇಂದಿಗೂ ತಿಳಿದಿಲ್ಲ. ಪ್ರಾಪ್ತಿ ಈಗ ಫೆರ್ರಿಯಲ್ಲಿ ಕಂಡಕಂಡವರ ಮುಂದೆ ಕೈಚಾಚಿ ‘ಕೊಡು’ ಎನ್ನುತ್ತಾಳೆ, ಕೊಟ್ಟದ್ದನ್ನು ಹಿಂದೆಮುಂದೆ ನೋಡದೆ ಬಾಯಿಗೆ ಹಾಕುತ್ತಾಳೆ. ‘ಯಾಕೆ’ ಎಂಬ ಮಾತು ಅವಳಿಗೆ ಇನ್ನೂ ಬಂದಿಲ್ಲ. ಅದೂ ಬೇಗ ಬರಲಿ. ಅವಳ ಬಾಯಿಂದ ಕೇಳಲು ನಾನು ಕಿವಿ ತೆರೆದು ಕುಳಿತಿದ್ದೇನೆ.