ಒಂದೇ ಬಟ್ಟೆಯ ಎರಡು ಲಂಗ

ಒದ್ದೆ ಬಾಳೆನಾರಿನ ವಾಸನೆ ಬಂದರೆ ಇವತ್ತಿಗೂ ನನ್ನ ಕಾಲು ತಾನಾಗಿಯೇ ನಿಲ್ಲುತ್ತದೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು. ಮೊನ್ನೆ ಕುಂದಾಪುರದ ಪೇಟೆಯಲ್ಲಿ ಹೂವಿನಂಗಡಿಯವನು ಬಕೆಟ್ಟಿನ ನೀರಿನಿಂದ ನಾರು ತೆಗೆದು ಸೀಳಿ ಸೇವಂತಿಗೆ ಕಟ್ಟುತ್ತಿದ್ದ. ಅವನ ಬೆರಳನ್ನೇ ನೋಡುತ್ತಾ ನಿಂತವಳಿಗೆ ಬಸ್ಸು ತಪ್ಪಿತು. ನಾವುಂದದ ಅಮ್ಮಮ್ಮನ ಮನೆಯ ಜಗಲಿ ಕಣ್ಣಮುಂದೆ ಬಂದಿತ್ತು. ಸಗಣಿ ಸಾರಿಸಿದ ನೆಲದ ತಂಪು, ಕಡಲಿನ ಕಡೆಯ ಉಪ್ಪುಗಾಳಿ, ಮೊರದ ತುಂಬ ಸೇವಂತಿಗೆ, ಸುತ್ತ ಕೂತ ಹೆಂಗಸರು, ಅವರ ನಡುವೆ ಲಂಗ ಹರಡಿಕೊಂಡು ಕೂತ ನನ್ನ ತಮ್ಮ ಸುರೇಶ. ಆ ಮನೆ ಈಗಿಲ್ಲ. ರಸ್ತೆ ಅಗಲವಾದಾಗ ಜಗಲಿ ಹೋಯಿತು, ಉಳಿದದ್ದನ್ನು ನಾವೇ ಕೆಡವಿಸಿದೆವು.

ನನಗಿಂತ ಮೊದಲು ಹುಟ್ಟಿದ ಗಂಡುಕೂಸುಗಳು ಉಳಿದಿರಲಿಲ್ಲ. ಹಾಗಾಗಿ ಸುರೇಶ ಹುಟ್ಟಿದ ಕೂಡಲೇ ಅಮ್ಮಮ್ಮ ಹರಕೆ ಹೊತ್ತಳು. ಅವನ ಮೂಗು ಚುಚ್ಚಿಸಿದಳು, ಕೂದಲಿಗೆ ಕತ್ತರಿ ತಾಗಿಸಲಿಲ್ಲ. ದೇವರಿಗೆ ಮುಡಿ ಕೊಡುವ ತನಕ ಹೆಣ್ಣೆಂದು ಸಾಕಿದರೆ ಕೆಟ್ಟ ಕಣ್ಣು ಬೀಳುವುದಿಲ್ಲ ಎಂಬ ನಂಬಿಕೆ. ಒಂದೇ ಹಸಿರು ಚೀಟಿ ಬಟ್ಟೆಯಲ್ಲಿ ನಮ್ಮಿಬ್ಬರಿಗೂ ಲಂಗ ಹೊಲಿಸುತ್ತಿದ್ದಳು. ನನ್ನದು ವಾರದೊಳಗೆ ಗೇರುಮರದ ಕೊಂಬೆಗೆ ಸಿಕ್ಕಿ ಹರಿಯುತ್ತಿತ್ತು. ಅವನದ್ದರ ನಿರಿಗೆ ಕೂಡ ಮಾಸುತ್ತಿರಲಿಲ್ಲ. ಅಮ್ಮಮ್ಮನ ಮಗ್ಗುಲಿಗೆ ಅಂಟಿಕೊಂಡು ಅವನು ಕಟ್ಟಿದ ಹೂ ದೊಡ್ಡವರು ಕಟ್ಟಿದ್ದಕ್ಕಿಂತ ಒತ್ತಾಗಿರುತ್ತಿತ್ತು. ಅಳುವೂ ಅಷ್ಟೇ ಸಲೀಸು, ಕೊಟ್ಟಿಗೆಯ ಕರು ಕುಂಟಿದರೂ ಅವನಿಗೆ ಕಣ್ಣೀರು. "ಇದ್ ಎಂತ ಮಾರಾಯ್ತಿ, ನಿಮ್ಮನೆ ಗಂಡ್ ಮರದ್ ಮೇಲಿತ್ತ್, ಹೆಣ್ಣ್ ಜಗಲಿ ಮೇಲಿತ್ತ್" ಎಂದು ನೆರೆಮನೆಯಾಕೆ ನಗುತ್ತಿದ್ದಳು. ಅಮ್ಮಮ್ಮನೂ ನಗುತ್ತಿದ್ದಳು. ಯಾರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಅವನು ಶಾಲೆಗೆ ಸೇರುವ ವಯಸ್ಸಿಗೆ, ಮುಂಬೈಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಅಪ್ಪಯ್ಯ ರಜೆ ಹಾಕಿ ಬಂದರು. ಮುಡಿ ಕೊಟ್ಟಾಯಿತು, ಮೂಗುತಿ ಕಾಣಿಕೆ ಡಬ್ಬಿಗೆ ಬಿತ್ತು. ಬೋಳುತಲೆ, ಹೊಸ ಚಡ್ಡಿಯಲ್ಲಿ ಮನೆಗೆ ಬಂದವನು ನೇರ ಜಗಲಿಗೆ ಹೋಗಿ ಮೊರದ ಪಕ್ಕ ಕೂತು, ದಿನದಂತೆ ನೀರಿಗೆ ಕೈ ಹಾಕಿ ನಾರು ತೆಗೆದ. ಅಪ್ಪಯ್ಯ ಅದನ್ನು ಕಿತ್ತುಕೊಂಡರು.

"ಸಾಕ್ ಮಗಾ. ಇನ್ ನೀನ್ ಗಂಡ್. ಹೆಂಗ್ಸರೊಟ್ಟಿಗ್ ಕೂಕಂಬುಕಾಗ."

ಸುರೇಶ ಅಮ್ಮಮ್ಮನ ಮುಖ ನೋಡಿದ. ಈಗ ಕೂರಬಾರದು ಎಂದರೆ? ಕೂರಿಸಿಕೊಂಡು ಕಲಿಸಿದವಳು ಅವಳೇ ತಾನೇ. ಅವಳು ಮೊರವನ್ನು ತನ್ನ ಕಡೆಗೆ ಎಳೆದುಕೊಂಡು, "ಹರ್ಕೆ ಮುಗೀತ್ ಮಗಾ" ಎಂದಳು, ಅಷ್ಟೇ. ಅವನು ಬಿಕ್ಕಿ ಬಿಕ್ಕಿ ಅತ್ತ. ಗಂಡು ಹುಡುಗರು ಅಳುವುದಿಲ್ಲ ಎಂದು ಅಪ್ಪಯ್ಯ ಹೇಳಿದ್ದೂ ಆಗಲೇ. ಕೆಲವು ವರ್ಷಗಳಲ್ಲಿ ನನ್ನನ್ನೂ ಗೇರುಮರದಿಂದ ಇಳಿಸಿದರು. ಆದರೆ ಇಳಿದದ್ದು ನನ್ನ ಕಾಲು ಮಾತ್ರ, ನಾಲಿಗೆ ಇಳಿಯಲಿಲ್ಲ, ಬೇಕಾದರೆ ನನ್ನ ಗಂಡನನ್ನು ಕೇಳಿ. ಸುರೇಶ ಹಾಗಲ್ಲ, ಹೇಳಿದಂತೆ ಕೇಳಿದ. ಮಾತು ಕಡಿಮೆಯಾಯಿತು, ನಗು ಕಡಿಮೆಯಾಯಿತು. ಬೆಳೆದು ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಸೇರಿದ. ಜನ ಅವನನ್ನು ಗಟ್ಟಿ ಗಂಡಸು ಎನ್ನುತ್ತಾರೆ.

ನನಗೆ ಇದೊಂದು ಬಗೆಹರಿದಿಲ್ಲ. ಆ ಮೃದು ಸ್ವಭಾವ ಅವನದ್ದೇ ಆಗಿತ್ತೋ, ಲಂಗ ಕೊಟ್ಟಿದ್ದೋ? ಲಂಗ ಕೊಟ್ಟಿದ್ದಾದರೆ ಅದೇ ಬಟ್ಟೆ ನನಗೇಕೆ ಕೊಡಲಿಲ್ಲ? ಅವನದ್ದೇ ಆಗಿದ್ದರೆ ಒಂದು ಚಡ್ಡಿಗೆ ಹೆದರಿ ಎಲ್ಲಿಗೆ ಹೋಯಿತು? ನನ್ನ ಮಗಳು ಬ್ರಹ್ಮಾವರದಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತಾಳೆ. ಅವಳನ್ನು ಕೇಳಿದೆ. "ಸ್ವಲ್ಪ ಹುಟ್ಟಿದಾಗ್ಲೇ ಬಪ್ಪುದ್, ಸ್ವಲ್ಪ ಬೆಳ್ಸಿದ್. ಎರಡನ್ನೂ ಬಿಡ್ಸಿ ಕಾಂಬುಕ್ ಆತಿಲ್ಲೆ ಅಮ್ಮ" ಎಂದಳು. ಇಷ್ಟು ಓದಿಸಿದ್ದು ಇದನ್ನು ಕೇಳುವುದಕ್ಕೇ ಎಂದು ರೇಗಿಸಿದೆ. ಒಳಗೊಳಗೆ ಮಾತ್ರ ಗೊಂದಲ ಇನ್ನೂ ಹೆಚ್ಚಾಯಿತು.

ಕಳೆದ ವರ್ಷ ತೊಂಬತ್ತು ದಾಟಿದ ಅಮ್ಮಮ್ಮ ನನ್ನ ಮನೆಯಲ್ಲೇ ತೀರಿಕೊಂಡಳು. ಸುರೇಶ ಬಂದ, ಕಾಲ ಬಳಿ ಕಂಬದಂತೆ ನಿಂತ. ನಾನು ಅವನ ತೋಳು ಹಿಡಿದುಕೊಂಡು ಅಳುತ್ತಿದ್ದೆ. "ನಂಗ್ ಅಳೂಕ್ ಬತ್ತಿಲ್ಲೆ ಅಕ್ಕ. ಎಲ್ಲ್ ಹೋಯ್ತ್ ಗೊತ್ತಾತಿಲ್ಲೆ" ಎಂದ, ಮನೆಯಲ್ಲಿ ಕಳೆದುಹೋದ ವಸ್ತುವನ್ನು ಹುಡುಕುವವನ ದನಿಯಲ್ಲಿ. ಮೂಲೆಯಲ್ಲಿ ಹೆಂಗಸರು ಬಿಡಿ ಸೇವಂತಿಗೆ ಸುರಿದುಕೊಂಡು ಮಾಲೆ ಕಟ್ಟುತ್ತಿದ್ದರು. ಅವನು ಅಲ್ಲಿಗೆ ಹೋಗಿ ಸುಮ್ಮನೆ ಕೂತ. ಅವರು ಸರಿದು ಜಾಗ ಕೊಟ್ಟರು. ಮಂಜುಗಡ್ಡೆ ಹಿಡಿದು ಹಿಡಿದು ಒಡೆದ ಆ ಕೈ ನೀರಿನಿಂದ ನಾರೆತ್ತಿತು. ಬೆರಳು ಒಂದು ಗಂಟನ್ನೂ ಮರೆತಿರಲಿಲ್ಲ. ನನಗೆ ಸಂಕಟವಾಯಿತು, ಸಂತೋಷವೂ ಆಯಿತು, ಯಾವುದು ಎಷ್ಟೆಂದು ಹೇಳಲಾರೆ.

ಮಾಲೆಯನ್ನು ಅವನೇ ಅಮ್ಮಮ್ಮನ ಕೊರಳಿಗೆ ಹಾಕಿದ. ಬಾಗಿದವನು ಅವಳ ಕಿವಿಯ ಹತ್ತಿರ, "ನಾನ್ ಇನ್ ಹೆಂಗ್ಸರೊಟ್ಟಿಗ್ ಕೂಕಂಡ್ರೆ ಅಡ್ಡಿಲ್ಯಾ ಅಮ್ಮಮ್ಮ?" ಎಂದು ಕೇಳಿದ. ಹೇಳಬೇಕಾದವಳು ಕಣ್ಣು ಮುಚ್ಚಿ ಮಲಗಿದ್ದಳು.