ಫೋನಿನೊಳಗಿನ ಜಟ್ಟಿಯ ದಮ್ಮು

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೊರಟ ಬಸ್ಸಿನಲ್ಲಿ ಪಕ್ಕದ ಹೆಂಗಸು ಹಲವಾಗಲಿನಲ್ಲಿದ್ದ ಮೈದುನನ ಜೊತೆ ಮೊಬೈಲಿನಲ್ಲಿ ಗುದ್ದು, ಒದೆತದ ಆಟ ಆಡುತ್ತಿದ್ದಳು. ಸೋತವರು ನಾಳೆ ಮನೆಮಂದಿಗೆಲ್ಲ ರೊಟ್ಟಿ ಬಡಿಯಬೇಕಂತೆ. ಅಷ್ಟರಲ್ಲಿ ಮಡಿಲ ಕೂಸು ವಾಂತಿ ಮಾಡಿತು.

"ಹಿಡೀರಿ ಅಮ್ಮಾರ! ಸುಮ್ಸುಮ್ನೆ ಗುದ್ದಬ್ಯಾಡ್ರಿ, ಈ ಹಳದಿ ಗೆರಿ ಮುಗುದ್ರ ನಮ್ಮ ಜಟ್ಟಿ ದಮ್ಮು ಹೋಗ್ತೈತಿ" ಎಂದು ಫೋನನ್ನು ನನ್ನ ಕೈಗೆ ತುರುಕಿದಳು.

ಕಾನ್ವೆಂಟಿನ ಸನ್ಯಾಸಿನಿಯಾದ ನಾನು ಇಂಥದ್ದನ್ನು ಮುಟ್ಟಿದವಳಲ್ಲ. ಎದುರಾಳಿ ಮೇಲೇರಿ ಬಂದದ್ದು ಕಂಡು ಹೆದರಿಬಿಟ್ಟೆ. ಹಿಂದೆ ಸರಿಯುವ ಗುಂಡಿಯನ್ನೇ ಒತ್ತುತ್ತ ಹೋದೆ. ಅವನು ಗಾಳಿಗೆ ಗುದ್ದಿ ಗುದ್ದಿ ಏದುಸಿರು ಬಿಡುತ್ತ ನಿಂತ.

"ಈಗ ಗುದ್ದ್ರಿ!"

ಕಣ್ಣು ಮುಚ್ಚಿ ಒತ್ತಿದೆ. ಮೈದುನನ ಜಟ್ಟಿ ಬಿದ್ದ.

"ಎಂಥಾ ತಾಳ್ಮಿರೀ ನಿಮ್ದು!" ಎಂದಳು, ಕೂಸನ್ನು ಒರೆಸುತ್ತ. ಹೆದರಿಕೆಗೆ ಇಷ್ಟು ಮರ್ಯಾದೆಯ ಹೆಸರೂ ಇದೆಯೆಂದು ನಮ್ಮ ಕಾನ್ವೆಂಟಿನಲ್ಲಿ ಯಾರೂ ಕಲಿಸಿರಲಿಲ್ಲ.