ಟ್ಯಾಂಕಿಗೊಂದು ಅಂಗಿ

ಮಗು ಮಲಗಿದೆ, ಕುಕ್ಕರ್ ಇನ್ನೂ ಕೂಗಿಲ್ಲ. ಅಷ್ಟರೊಳಗೆ ಹೊಟ್ಟೆಯ ಉರಿಯನ್ನು ಇಲ್ಲಿ ಇಳಿಸಿಬಿಡುತ್ತೇನೆ. ಉರಿ ಹತ್ತಿದ್ದು ನನ್ನ ನಾದಿನಿಗೆ. ಆದರೆ ಒಂದೇ ಮನೆಯಲ್ಲಿದ್ದ ಮೇಲೆ ಹೊಗೆ ಎಲ್ಲರ ಕಣ್ಣಿಗೂ ತಾಗುತ್ತದಲ್ಲ.

ನಾದಿನಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಬೆಳಗಾಗುತ್ತಲೇ ಮೋಟಾರ್ ಸೈಕಲ್ ಹತ್ತಿ ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ, ಮೆಟ್ಟಿಲು ಇಳಿಯಲಾಗದವರ ರಕ್ತ ತೆಗೆದು, ಐಸ್ ಡಬ್ಬಿಯಲ್ಲಿಟ್ಟು, ಕೆಡುವ ಮೊದಲು ಲ್ಯಾಬಿಗೆ ಮುಟ್ಟಿಸಬೇಕು. ಅವಳು ಬರುವ ತನಕ ಆ ಜೀವಗಳೆಲ್ಲ ಒಂದು ತುತ್ತೂ ತಿನ್ನದೆ ಬಾಗಿಲು ನೋಡುತ್ತಿರುತ್ತವೆ. ಬೀದಿಯ ಮಕ್ಕಳು ಅವಳನ್ನು ‘ಸೂಜಿಯಕ್ಕಾ’ ಎಂದು ಕೂಗಿ, ಎದ್ದೆವೋ ಬಿದ್ದೆವೋ ಎಂದು ಓಡುತ್ತವೆ. ಮುದುಕರ ಒಣಗಿದ ಕೈಯಲ್ಲಿ ನರ ಹುಡುಕುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ನನ್ನ ಮಗುವೂ ಉಗುರು ಕತ್ತರಿಸಿಕೊಳ್ಳಲು ಅವಳಿಗೇ ಕೈ ಕೊಡುತ್ತದೆ, ನನಗೆ ಕೊಡುವುದಿಲ್ಲ.

ಈ ಕೆಲಸಕ್ಕೆ ಕುತ್ತು ತಂದದ್ದು ಅವಳ ಗಾಡಿ. ಕೆಲವು ತಿಂಗಳಿಂದ ಅದು ಹೊರಟಾಗ ಕುದುರೆ, ಅರ್ಧ ದಾರಿಯಲ್ಲಿ ಬಂಡೆ. ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಇವಳು ಬಿಸಿಲಿನಲ್ಲಿ ಕಿಕ್ ಹೊಡೆದೂ ಹೊಡೆದೂ ಕಾಲು ಊದಿಸಿಕೊಂಡು ಬರುತ್ತಾಳೆ. ಎರಡು ಬಾರಿ ರಕ್ತ ಕೆಟ್ಟು, ಪಾಪ, ಆ ವೃದ್ಧರಿಗೆ ಮತ್ತೆ ಚುಚ್ಚಬೇಕಾಯಿತು. ಲ್ಯಾಬಿನ ಮ್ಯಾನೇಜರ್ ಕರೆದು ಹೇಳಿದನಂತೆ: “ಇನ್ನೊಂದು ಸಲ ತಡ ಆದ್ರೆ ನೀವು ಕೌಂಟರಿನಲ್ಲಿ ಕೂತು ಹೆಸರು ಬರೀರಿ. ಹೊರಗಡೆ ಕೆಲಸಕ್ಕೆ ಗಂಡಸರನ್ನ ಹಾಕ್ತೀನಿ.” ಕೆಟ್ಟದ್ದು ಗಾಡಿ, ತಪ್ಪು ಹೆಣ್ಣಿನದು! ಕೌಂಟರಿನ ಕುರ್ಚಿಯಲ್ಲಿ ಅವಳನ್ನು ಕೂರಿಸುವುದೂ ಒಂದೇ, ಮೀನನ್ನು ಹಗ್ಗಕ್ಕೆ ಒಣಗಹಾಕುವುದೂ ಒಂದೇ.

ಗ್ಯಾರೇಜಿನವನ ಬಗ್ಗೆ ಬರೆಯಲು ಹೋದರೆ ಪೆನ್ನೇ ಮುರಿದೀತು. ನಾದಿನಿ ಮೊದಲ ಸಲ ಒಬ್ಬಳೇ ಹೋದಾಗ ಅವನು ತಲೆ ಎತ್ತದೆ ಕೇಳಿದ್ದು, “ಜೊತೆಗೆ ಯಾರೂ ಬಂದಿಲ್ವಾ?” ಎರಡನೆಯ ಸಲ ನನ್ನ ಗಂಡನನ್ನು ಕರೆದುಕೊಂಡು ಹೋದಳು. ನಮ್ಮವರಿಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಎನ್ನುವುದೂ ತಿಳಿಯದು. ಸೈಕಲ್ ಮೇಲೆ ಹೋದರೂ ತಿರುವಿನಲ್ಲಿ ಇಳಿದು ತಳ್ಳುವ ಮನುಷ್ಯ. ಮಗುವನ್ನು ಎತ್ತಿಕೊಂಡು ನಾನೂ ಹೋಗಿದ್ದೆ. ಗ್ಯಾರೇಜಿನವನು ಅವಳ ತಲೆಯ ಮೇಲಿಂದ ಇವರನ್ನೇ ನೋಡಿ ಮಾತನಾಡಿದ.

“ಏನ್ ಸಾರ್ ತೊಂದ್ರೆ?”

“ನನ್ನ ಕೇಳಿ, ಓಡ್ಸೋದು ನಾನು,” ಎಂದಳು ನಾದಿನಿ. “ಸ್ವಲ್ಪ ದೂರ ಚೆನ್ನಾಗಿ ಹೋಗುತ್ತೆ, ಆಮೇಲೆ ನಿಲ್ಲುತ್ತೆ. ಟ್ಯಾಂಕಿನ ಮುಚ್ಚಳ ತೆಗೆದು, ಪೆಟ್ರೋಲ್ ಇದೆಯಾ ನೋಡಿ ಮುಚ್ಚಿದ್ಮೇಲೆ ಮತ್ತೆ ಸ್ಟಾರ್ಟ್ ಆಗುತ್ತೆ. ಪ್ರತಿ ಸಲಾನೂ ಹೀಗೇ.”

ಅವನು ನಕ್ಕ. “ನೀವು ನೋಡಿದ ತಕ್ಷಣ ಗಾಡಿಗೆ ನಾಚಿಕೆ ಆಗುತ್ತೇನಮ್ಮಾ?” ಬೆಂಚಿನ ಮೇಲೆ ಕೂತಿದ್ದವರೂ ಹಲ್ಲು ಕಿರಿದರು. ಗಾಡಿ ಹತ್ತಿ ಮೂಲೆಯವರೆಗೆ ಒಂದು ಸುತ್ತು ಹೋಗಿ ಬಂದು, “ಸಾರ್, ಗಾಡಿ ಬೆಣ್ಣೆ ಇದ್ದ ಹಾಗಿದೆ. ತಂಗಿಗೆ ಹೇಳಿ, ಸ್ಟಾರ್ಟ್ ಆದ್ಮೇಲೂ ಚೋಕ್ ಎಳೆದುಕೊಂಡೇ ಓಡಿಸ್ತಾರೆ ಅನ್ಸುತ್ತೆ,” ಎಂದ.

“ಹಿಂದೆ ಕೂತ್ಕೊಳ್ಳಿ, ನಿಲ್ಲೋ ತನಕ ಓಡಿಸಿ ತೋರಿಸ್ತೀನಿ,” ಎಂದಳು ಇವಳು.

“ನಾನು? ಹೆಂಗಸಿನ ಹಿಂದೆ?” ಅವನಿಗೆ ಅದೇ ದೊಡ್ಡ ತಮಾಷೆ.

ನಮ್ಮವರೋ, ತಲೆ ಅಲ್ಲಾಡಿಸಿಕೊಂಡು, “ಚೋಕ್ ಅಂತೆ ಕಣೇ,” ಎಂದರು. ಮಗು ಕೈಯಲ್ಲಿ ಇಲ್ಲದಿದ್ದರೆ ಅಲ್ಲೇ ಇಬ್ಬರಿಗೂ ಚೋಕ್ ಎಳೆಯುತ್ತಿದ್ದೆ.

ಇನ್ನು ನಮ್ಮ ಅತ್ತೆಯ ವಿಷಯ. ಅವರಿಗೆ ಹೊಲಿಗೆಯ ಹುಚ್ಚು. ನಮ್ಮ ಮನೆಯಲ್ಲಿ ಮಿಕ್ಸಿಗೆ ಅಂಗಿ, ಹೊಲಿಗೆ ಯಂತ್ರಕ್ಕೇ ಅಂಗಿ, ಟಿ.ವಿ. ರಿಮೋಟಿಗೂ ಗುಂಡಿಯಿರುವ ಅಂಗಿ. ಕೆಲವು ತಿಂಗಳ ಹಿಂದೆ ಮಗಳ ಗಾಡಿಯ ಟ್ಯಾಂಕಿಗೆ ಗೀರು ಬಿದ್ದದ್ದು ಕಂಡದ್ದೇ ತಡ, ದಪ್ಪ ರೆಕ್ಸಿನ್ ತಂದು, ಟ್ಯಾಂಕನ್ನು ಅಳೆದು, ಮೈಗೆ ಅಂಟಿದ ಹಾಗೆ ಒಂದು ಅಂಗಿ ಹೊಲಿದರು. ಮುಚ್ಚಳದ ಮೇಲೂ ಎತ್ತಿ ಮುಚ್ಚುವ ಒಂದು ಕಿವಿ, ಮಳೆಹನಿ ಇಳಿಯದಂತೆ ಒಳಗೆ ರಬ್ಬರ್, ಸುತ್ತ ಒತ್ತಿದರೆ ಕಚ್ಚಿಕೊಳ್ಳುವ ಪಟ್ಟಿ. ಅದರ ಮೇಲೆ ಅವರಿಗೆ ಎಷ್ಟು ಮೋಹವೆಂದರೆ ಗಾಡಿ ಗ್ಯಾರೇಜಿಗೆ ಹೊರಟಾಗಲೆಲ್ಲ, “ತೆಗೆದಿಡೇ, ಅವನ ಗ್ರೀಸ್ ಕೈ ತಾಗೋದು ಬೇಡ,” ಎಂದು ಬಿಚ್ಚಿಸಿಕೊಂಡು ಮಡಚಿಡುತ್ತಿದ್ದರು.

ಇವತ್ತು ಬೆಳಿಗ್ಗೆ ಮಗುವಿಗೆ ಜ್ವರ. ನಾದಿನಿ ಮನೆಗಳನ್ನೆಲ್ಲ ಮುಗಿಸಿ, ರಕ್ತದ ಡಬ್ಬಿಯೊಂದಿಗೆ ಲ್ಯಾಬಿಗೆ ಹೋಗುವ ದಾರಿಯಲ್ಲಿ ನಮ್ಮನ್ನು ಡಾಕ್ಟರ ಹತ್ತಿರ ಬಿಡಲು ಹತ್ತಿಸಿಕೊಂಡಳು. ಏರಿನಲ್ಲಿ ಗಾಡಿ ಕೆಮ್ಮಿತು, ನಿಂತಿತು. ಅವಳು ಗಡಿಯಾರ ನೋಡಿಕೊಂಡಳು. “ಮುಗೀತು ಅತ್ತಿಗೆ. ಇವತ್ತೇ ಕೌಂಟರ್.” ಕಿಕ್ ಹೊಡೆದಳು, ಮತ್ತೆ ಹೊಡೆದಳು. ಕಣ್ಣಲ್ಲಿ ನೀರು, ಬಾಯಲ್ಲಿ ಗ್ಯಾರೇಜಿನವನ ವಂಶೋದ್ಧಾರ.

ಈ ಗಲಾಟೆಗೆ ಮಗು ರಚ್ಚೆ ಹಿಡಿಯಿತು. ಬಾಟಲಿ ಬಾಯಿಗಿಟ್ಟೆ. ಒಂದೆರಡು ಗುಟುಕು ಕುಡಿದು ಮತ್ತೆ ಕಿರುಚಿತು. ನೋಡಿದರೆ ನಿಪ್ಪಲ್ ಒಳಗೆ ಮುದುರಿಕೊಂಡಿದೆ. ಅವಸರದಲ್ಲಿ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ್ದೆ. ಒಳಗೆ ಗಾಳಿ ಹೋಗದಿದ್ದರೆ ಹಾಲು ಹೊರಗೆ ಬರುವುದಿಲ್ಲ. ಸಡಿಲಿಸಿದೆ. ‘ಸುಯ್’ ಎಂದಿತು, ನಿಪ್ಪಲ್ ಎದ್ದು ನಿಂತಿತು.

ಅದೇ ಹೊತ್ತಿಗೆ ಅವಳು ರೆಕ್ಸಿನ್ ಕಿವಿ ಎತ್ತಿ ಟ್ಯಾಂಕಿನ ಮುಚ್ಚಳ ತೆಗೆದಳು. ಅಲ್ಲಿಂದಲೂ ‘ಸುಯ್’!

ಇಬ್ಬರೂ ಮುಖ ಮುಖ ನೋಡಿಕೊಂಡೆವು.

“ಈ ಮುಚ್ಚಳಕ್ಕೆ ಗಾಳಿಯಾಡೋ ತೂತು ಇದೆಯೇನೇ?” ಎಂದೆ.

ಅವಳು ಮುಚ್ಚಳ ತಿರುಗಿಸಿ ನೋಡಿದಳು. ಇತ್ತು, ಸೂಜಿ ಮೊನೆಯಷ್ಟು. ಸೂಜಿಯಕ್ಕನ ಕಣ್ಣಿಗೆ ಅದು ತಪ್ಪೀತೇ? ಅದರ ಮೇಲೆ ಅತ್ತೆಯ ರಬ್ಬರ್ ಗಟ್ಟಿಯಾಗಿ ಕೂತು, ಒಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುತ್ತಿರಲಿಲ್ಲ. “ಅಮ್ಮಾ...” ಎಂದು ಹಲ್ಲು ಕಡಿದು ಅಂಗಿಯನ್ನು ಕಿತ್ತು ನನ್ನ ಚೀಲಕ್ಕೆ ತುರುಕಿದಳು. ಆಮೇಲೆ ಗಾಡಿ ಎಲ್ಲೂ ಕೆಮ್ಮಲಿಲ್ಲ. ಮೊದಲು ಲ್ಯಾಬ್, ಆಮೇಲೆ ಡಾಕ್ಟರು. ಮಗುವಿನ ಜ್ವರ ಸಣ್ಣದು, ಪುಣ್ಯ. ಡಬ್ಬಿ ಸರಿಯಾದ ಹೊತ್ತಿಗೆ ತಲುಪಿದ್ದನ್ನು ಕಂಡು ಮ್ಯಾನೇಜರ್, “ಹೀಗೇ ಬಂದ್ರೆ ಯಾರು ಕೌಂಟರಿಗೆ ಹಾಕ್ತಾರೆ?” ಎಂದನಂತೆ. ಉಪಕಾರ ಮಾಡಿದ ಮುಖ ಬೇರೆ!

ಬರುವಾಗ ಗ್ಯಾರೇಜಿನ ಮುಂದೆ ನಿಲ್ಲಿಸಿ ಎಲ್ಲ ಹೇಳಿದಳು. ಅವನು ಕೈ ಒರೆಸಿಕೊಂಡು ಏನೆಂದ ಗೊತ್ತೇ? “ನಾನು ಅವತ್ತೇ ಸಾರ್‌ಗೆ ಹೇಳಿದ್ನಲ್ಲ, ಗಾಡೀಲಿ ಏನೂ ಇಲ್ಲ ಅಂತ!” ಮುಚ್ಚಳ ತೆಗೆದರೆ ಓಡುತ್ತದೆ ಎಂದು ಅವಳು ಬಿಡಿಸಿ ಹೇಳಿದ್ದಳು. ಅದೇ ಮಾತು ಒಬ್ಬ ಗಂಡಸಿನ ಬಾಯಿಂದ ಬಂದಿದ್ದರೆ ಅವನು ತಲೆ ಕೆರೆದುಕೊಂಡಾದರೂ ಯೋಚಿಸುತ್ತಿದ್ದ. ನನಗೆ ಈಗಲೂ ಆರದಿರುವುದು ಆ ಸಿಟ್ಟು.

ಮನೆಗೆ ಬಂದು ಹೇಳಿದಾಗ ಅತ್ತೆ ನನ್ನ ಚೀಲದಿಂದ ರೆಕ್ಸಿನ್ ಎಳೆದುಕೊಂಡು ಒಳಗೆ ಹೋದರು. ಬೇಸರವಾಯಿತೇನೋ ಎಂದು ಇಣುಕಿದೆ. ಮುಚ್ಚಳದ ಕಿವಿಯನ್ನು ಪೂರ್ತಿ ಕತ್ತರಿಸಿ ತೆಗೆದು, ದುಂಡಗಿನ ಕಂಡಿಗೆ ನೀಲಿ ದಾರದಲ್ಲಿ ಕಾಜಾ ಹೊಲಿಯುತ್ತ ಕೂತಿದ್ದರು.

“ಇನ್ನೂ ಯಾಕಮ್ಮಾ ಅದು?” ಎಂದಳು ಮಗಳು.

“ಗಾಳಿ ಬೇಕು ಅಂದೆ, ಬಿಟ್ಟಿದೀನಿ. ಹಾಗಂತ ಬರಿ ಮೈಯಲ್ಲಿ ಓಡಾಡ್ಲಾ ಗಾಡಿ? ನಾಳೆ ಆ ಗ್ಯಾರೇಜಿಗೆ ಇದನ್ನ ಹಾಕ್ಕೊಂಡೇ ಹೋಗು. ನೋಡ್ಲಿ ಅವನು.”